ಮನೆಯಂಗಳದಲ್ಲೇ ಕಾರು ದುರಸ್ತಿ: ಬರೆದಿಟ್ಟರಷ್ಟೇ ಲೆಕ್ಕಕ್ಕೆ

ದೊಡ್ಡಬಳ್ಳಾಪುರ: ಭಾನುವಾರ ಬೆಳಿಗ್ಗೆ ಇಲ್ಲಿನ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿದರೆ, ಗೇಟಿನ ಒಳಗೆ ಬಾನೆಟ್ ತೆರೆದು ನಿಂತ ಕಾರು, ಅದರಡಿ ಹಳೆಯ ಬೋಗುಣಿ, ಪಕ್ಕದಲ್ಲಿ ಎಂಜಿನ್ ಆಯಿಲ್ ಡಬ್ಬ ಕಣ್ಣಿಗೆ ಬೀಳುವುದುಂಟು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಇಂತಹ ಕೆಲಸಕ್ಕೆ ಕೈಹಾಕಿದರೆ ಕಾವಲುಗಾರ ಬಂದು ನಿಲ್ಲುತ್ತಾನೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಮನೆಗಳ ಮುಂದೆ ಇನ್ನೂ ಅಷ್ಟಿಷ್ಟು ಅಂಗಳ ಉಳಿದಿದೆ. ಕಾರಿನ ಆಯಿಲ್, ಫಿಲ್ಟರ್, ಬ್ಯಾಟರಿಗಳನ್ನು ತಾವೇ ಬದಲಿಸಿಕೊಳ್ಳುವವರಿಗೆ ಅದು ವರದಾನವೇ ಸರಿ.

ಕೆಲಸ ಮುಗಿಯುತ್ತದೆ, ಕೈ ತೊಳೆಯುತ್ತಾರೆ, ಕಾರು ಓಡುತ್ತದೆ. ಆದರೆ ಆ ಕೆಲಸ ನಡೆಯಿತು ಎಂಬುದಕ್ಕೆ ಒಂದು ತುಂಡು ಕಾಗದವೂ ಉಳಿಯುವುದಿಲ್ಲ. ಸರ್ವೀಸ್ ಸೆಂಟರಿಗೆ ಹೋದವರ ಬಳಿ ಜಾಬ್ ಕಾರ್ಡ್, ಬಿಲ್ ಇರುತ್ತವೆ. ಮನೆಯಲ್ಲೇ ಅಷ್ಟೇ ಶ್ರದ್ಧೆಯಿಂದ, ಕೆಲವೊಮ್ಮೆ ಹೆಚ್ಚಿನ ಶ್ರದ್ಧೆಯಿಂದ, ಕೆಲಸ ಮಾಡಿಕೊಂಡವರ ಕಾರಿಗೆ ಚರಿತ್ರೆಯೇ ಇರುವುದಿಲ್ಲ. ಕಾರು ಮಾರಲು ಹೊರಟಾಗ, ವಾರಂಟಿ ಕುರಿತು ತಕರಾರು ಎದ್ದಾಗ, ಅಪಘಾತದ ನಂತರ ವಿಮಾ ಸರ್ವೇಯರ್ ಪ್ರಶ್ನೆ ಕೇಳಿದಾಗ ಈ ಕೊರತೆ ಅನುಭವಕ್ಕೆ ಬರುತ್ತದೆ.

ಸರ್ಕಾರಿ ಜೀಪುಗಳಲ್ಲಿ ಲಾಗ್ ಪುಸ್ತಕ ಇರುವುದು ನಮಗೆಲ್ಲ ಗೊತ್ತು. ಎಲ್ಲಿಂದ ಎಲ್ಲಿಗೆ, ಎಷ್ಟು ಕಿ.ಮೀ., ಎಷ್ಟು ಲೀಟರ್ ಎಂದು ಚಾಲಕ ಬರೆಯಲೇಬೇಕು. ಸ್ವಂತ ಕಾರಿಗೆ ಅಂತಹ ಕಟ್ಟುಪಾಡು ಇಲ್ಲವಾದ್ದರಿಂದ ಬಹುಪಾಲು ಮಾಲೀಕರು ನೆನಪನ್ನೇ ನಂಬಿಕೊಂಡಿರುತ್ತಾರೆ.

ನೆನಪು ಎಷ್ಟು ನಂಬಿಕಸ್ಥ ಎಂಬುದಕ್ಕೆ ಈ ವರದಿಗಾರನ ಮನೆಯದೇ ಒಂದು ನಿದರ್ಶನವಿದೆ. ಮನೆಯ ಹಳೆಯ ಕಾರಿಗೆ ಬ್ರೇಕ್ ಆಯಿಲ್ ಬದಲಿಸಿದ್ದು ಯಾವಾಗ ಎಂಬ ಪ್ರಶ್ನೆ ಎದ್ದಾಗ, ಹಿಂದಿನ ವರ್ಷದ ಗೌರಿ ಹಬ್ಬದ ವೇಳೆ ಎಂದು ನಾನು ಹೇಳಿದರೆ, ಅದಕ್ಕೂ ಹಿಂದಿನ ವರ್ಷ ಎಂದು ಅಣ್ಣ ಪಟ್ಟು ಹಿಡಿದ. ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಬಿಲ್ ಸಿಕ್ಕಿತು. ಆದರೆ ಅದು ಥರ್ಮಲ್ ಕಾಗದದ ಬಿಲ್. ಕಾರಿನೊಳಗಿನ ಬಿಸಿಗೆ ಅಕ್ಷರವೆಲ್ಲ ಅಳಿಸಿ ಬರಿಯ ಬಿಳಿ ಚೀಟಿಯಾಗಿತ್ತು. ಕಡೆಗೆ ಮತ್ತೊಮ್ಮೆ ಆಯಿಲ್ ಬದಲಿಸಿ ಅಂದಿನ ದಿನಾಂಕ ಬರೆದಿಟ್ಟಿದ್ದಾಯಿತು.

ನಂದಿ ಇಳಿಜಾರಿನಲ್ಲಿ ಪರೀಕ್ಷೆ

ಬ್ರೇಕ್ ಆಯಿಲ್‌ನ ಉದಾಹರಣೆಯನ್ನೇ ಇನ್ನಷ್ಟು ವಿವರವಾಗಿ ನೋಡುವುದು ಉಚಿತ. ಸಾಮಾನ್ಯ ಕಾರುಗಳಲ್ಲಿ ಬಳಸುವ ಡಾಟ್-3, ಡಾಟ್-4 ದ್ರವಗಳು ಗ್ಲೈಕಾಲ್ ಆಧಾರಿತವಾದವು. ಗಾಳಿಯ ತೇವವನ್ನು ಹೀರಿಕೊಳ್ಳುವುದು ಅವುಗಳ ಗುಣ. ಹೊಸ ಡಾಟ್-4 ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ಮಾನದಂಡವಿದೆ. ಶೇ 3.7ರಷ್ಟು ನೀರು ಸೇರಿದಾಗ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ದೇವನಹಳ್ಳಿ ಮಾರ್ಗವಾಗಿ ನಂದಿ ಬೆಟ್ಟಕ್ಕೆ ಹೋಗಿ, ಇಳಿಯುವಾಗ ಗೇರ್ ಬಳಸದೆ ಬ್ರೇಕನ್ನೇ ಒತ್ತುತ್ತಾ ಬರುವವರ ಕಾರಿನಲ್ಲಿ ಬ್ರೇಕಿನ ಶಾಖ ಏರುತ್ತಲೇ ಹೋಗುತ್ತದೆ. ಹಳೆಯ ದ್ರವ ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ.

ಬ್ರೇಕ್ ಆಯಿಲ್‌ನ ಮಟ್ಟ ಇಳಿದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಎಚ್ಚರಿಸುತ್ತದೆ. ಅದರ ವಯಸ್ಸನ್ನು ತಿಳಿಸುವ ದೀಪ ಯಾವುದೂ ಇಲ್ಲ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ದ್ರವದ ಗಡಿಯಾರ ಇರುವುದು ಮಾಲೀಕನ ಪುಸ್ತಕದಲ್ಲಿ ಮಾತ್ರ. ಎಂಜಿನ್ನಿನ ಟೈಮಿಂಗ್ ಬೆಲ್ಟಿನ ಕಥೆಯೂ ಹೀಗೆಯೇ. ಹಲವು ಎಂಜಿನ್ನುಗಳಲ್ಲಿ ಬೆಲ್ಟ್ ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಬಿಚ್ಚಬೇಕಾದೀತು. ಹೊರಗಿನಿಂದ ನೋಡಿದರೆ ಬೆಲ್ಟಿನ ವಯಸ್ಸು ತಿಳಿಯದು. ದಾಖಲೆಯಿಲ್ಲದ ಹಳೆಯ ಕಾರು ಕೊಂಡವರಿಗೆ ಅನುಭವಿ ಮೆಕ್ಯಾನಿಕ್‌ಗಳು ಮೊದಲು ಬೆಲ್ಟ್ ಬದಲಿಸಿ ಎನ್ನುವುದು ಈ ಕಾರಣಕ್ಕೆ. ಹಿಂದಿನ ಮಾಲೀಕ ಆರು ತಿಂಗಳ ಹಿಂದಷ್ಟೇ ಬದಲಿಸಿದ್ದರೂ, ಬರೆದಿಡದ ಕಾರಣ ಆ ಹಣ ನೀರಿನಲ್ಲಿ ಹೋಮವಾಗುತ್ತದೆ.

ವಾರಂಟಿ: ಆಯೋಗ ಹೇಳಿದ್ದೇನು?

ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಯಿತು ಎಂಬ ಮಾತು ಷೋರೂಮುಗಳಲ್ಲಿ ಕೇಳಿಬರುವುದು ಹೊಸದೇನಲ್ಲ. ಈ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ನೀಡಿದ ಆದೇಶವನ್ನು ಕಾರು ಮಾಲೀಕರು ತಿಳಿದಿರಬೇಕು. ಬಿಡಿಭಾಗಗಳನ್ನೂ ದೋಷಪತ್ತೆ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಾರು ತಯಾರಕರ ಮೇಲೆ ಆಯೋಗ ಒಟ್ಟು 2,544 ಕೋಟಿ ರೂ.ಗೂ ಹೆಚ್ಚಿನ ದಂಡ ವಿಧಿಸಿತು. ಸ್ವತಂತ್ರ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದರೆ ವಾರಂಟಿ ಸಾರಾಸಗಟಾಗಿ ರದ್ದು ಎಂಬ ಷರತ್ತು ಹಾಕಕೂಡದು ಎಂದೂ ನಿರ್ದೇಶಿಸಿತು. ಹೊರಗಿನ ತಪ್ಪು ದುರಸ್ತಿಯಿಂದ ಹಾನಿಯಾಗಿದ್ದರೆ, ಆ ಹಾನಿಯ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂಬುದು ಆದೇಶದ ತಿರುಳು. ಮೇಲ್ಮನವಿ ಸಲ್ಲಿಸಿದ 3 ಕಂಪನಿಗಳ ವಿಷಯದಲ್ಲಿ ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಮೂಲ ತೀರ್ಮಾನವನ್ನು ಎತ್ತಿ ಹಿಡಿದು, ದಂಡದ ಮೊತ್ತವನ್ನು ತಗ್ಗಿಸಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆದೇಶ ಪ್ರಸ್ತಾಪಿಸುವುದು ಸ್ವತಂತ್ರ ಗ್ಯಾರೇಜುಗಳನ್ನು. ಮಾಲೀಕನೇ ಸ್ಪಾನರ್ ಹಿಡಿದ ಸಂದರ್ಭಕ್ಕೆ ಅದನ್ನು ಎಷ್ಟರಮಟ್ಟಿಗೆ ಅನ್ವಯಿಸಬಹುದು ಎಂಬುದು ವಾದಕ್ಕೆ ಬಿಟ್ಟ ವಿಷಯ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್–ಮಾಸ್ ವಾರಂಟಿ ಕಾಯ್ದೆ ಇದೆ. ಮಾಲೀಕ ಸ್ವತಃ ಕೆಲಸ ಮಾಡಿಕೊಂಡ ಮಾತ್ರಕ್ಕೆ ವಾರಂಟಿ ರದ್ದಾಗುವುದಿಲ್ಲ, ಆದರೆ ದಾಖಲೆ ಮತ್ತು ರಸೀದಿಗಳನ್ನು ಕಾಯ್ದಿಟ್ಟುಕೊಳ್ಳಿ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಗ್ರಾಹಕರಿಗೆ ತಿಳಿಸುತ್ತದೆ. ನಮ್ಮಲ್ಲಿ ವಾರಂಟಿಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. ಕಂಪನಿಯ ವಾರಂಟಿ ಪುಸ್ತಿಕೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇವೆರಡೇ ಆಧಾರ. ಆದ್ದರಿಂದ ವಾರಂಟಿ ಅವಧಿಯಲ್ಲಿ ನಿಗದಿತ ಸರ್ವೀಸುಗಳನ್ನು ಕಂಪನಿ ಹೇಳಿದಲ್ಲೇ ಮಾಡಿಸಿ, ಏರ್ ಫಿಲ್ಟರ್, ವೈಪರ್, ಟೈರ್ ಗಾಳಿಯಂತಹ ಕೆಲಸಗಳನ್ನಷ್ಟೇ ಮನೆಯಲ್ಲಿ ಇಟ್ಟುಕೊಳ್ಳುವುದು ಜಾಣತನ.

ತಕರಾರು ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲೇರಿತು ಎನ್ನೋಣ. 2019ರ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಕಾರಣ ಉದ್ಭವಿಸಿದ 2 ವರ್ಷದೊಳಗೆ ಸಲ್ಲಿಸಬೇಕು. ಆಗ ಮನೆಯ ನೋಟ್‌ಬುಕ್ಕಿಗೆ ಬೆಲೆ ಇದೆಯೇ? ತಾನೇ ಬರೆದ ಪುಸ್ತಕ ತನ್ನ ಪರವಾಗಿ ಅಂತಿಮ ಪುರಾವೆಯಾಗದು. ಆದರೆ ಘಟನೆ ನಡೆದ ಹೊತ್ತಿನಲ್ಲೇ ಬರೆದ ಟಿಪ್ಪಣಿಯನ್ನು ನೋಡಿ ಸಾಕ್ಷಿ ತನ್ನ ನೆನಪನ್ನು ತಾಜಾ ಮಾಡಿಕೊಳ್ಳಲು 1872ರ ಸಾಕ್ಷ್ಯ ಕಾಯ್ದೆಯ 159ನೇ ಕಲಮಿನಲ್ಲಿ ಅವಕಾಶವಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಅಂದೇ ಬರೆದದ್ದು ಎಂಬುದೇ ಇಲ್ಲಿನ ಮುಖ್ಯ ಅಂಶ. ದೂರು ಕೊಡುವ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ಐದು ವರ್ಷದ ಲೆಕ್ಕ ಬರೆದರೆ ಎದುರು ಪಕ್ಷದ ವಕೀಲರಿಗೆ ಅದು ಹಬ್ಬದೂಟ.

ಏನು ಬರೆಯಬೇಕು?

ಸಾದಾ ಗೀಟು ಪುಸ್ತಕ ಸಾಕು. ಹಾಳೆ ಕಿತ್ತರೆ ಗೊತ್ತಾಗುವಂತೆ ಹೊಲಿದ ಪುಸ್ತಕವಿದ್ದು, ಪುಟಗಳಿಗೆ ಸಂಖ್ಯೆ ಹಾಕಿದ್ದರೆ ಇನ್ನೂ ಲೇಸು. ಮೊದಲ ಪುಟದಲ್ಲಿ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ತಯಾರಾದ ತಿಂಗಳು, ಆಯಿಲ್ ಗ್ರೇಡ್, ಟೈರಿನ ಅಳತೆ ಹಾಗೂ ಗಾಳಿಯ ಒತ್ತಡ ಇರಲಿ. ನಂತರದ ಪ್ರತಿ ನಮೂದಿನಲ್ಲೂ ದಿನಾಂಕ ಮತ್ತು ಓಡೋಮೀಟರ್ ಅಂಕಿ ಎರಡೂ ಇರಲೇಬೇಕು. ಎಂಜಿನ್ ಆಯಿಲ್ ಕಿ.ಮೀ. ಲೆಕ್ಕದಲ್ಲೂ ಹಳತಾಗುತ್ತದೆ, ಕಾಲದ ಲೆಕ್ಕದಲ್ಲೂ ಹಳತಾಗುತ್ತದೆ. ಮ್ಯಾನುಯಲ್‌ಗಳಲ್ಲಿ ಇಷ್ಟು ಕಿ.ಮೀ. ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದಿರುವುದು ಅದಕ್ಕಾಗಿಯೇ.

ಆಯಿಲ್ ಬದಲಿಸಿದೆ ಎಂದು ಒಂದು ಸಾಲು ಗೀಚಿದರೆ ಪ್ರಯೋಜನ ಅಲ್ಪ. ಯಾವ ಬ್ರಾಂಡ್, ಯಾವ ಗ್ರೇಡ್, ಎಷ್ಟು ಲೀಟರ್, ಫಿಲ್ಟರಿನ ಪಾರ್ಟ್ ನಂಬರ್, ಬಿಲ್ ಸಂಖ್ಯೆ ಎಲ್ಲವೂ ಬೇಕು. ಡ್ರೇನ್ ಬೋಲ್ಟಿನ ವಾಷರ್ ಹೊಸದೇ? ಬೋಲ್ಟ್ ಬಿಗಿದದ್ದು ಟಾರ್ಕ್ ರೆಂಚಿನಿಂದಲೋ ಕೈಯಂದಾಜಿನಿಂದಲೋ? ಸ್ವಲ್ಪ ದೂರ ಓಡಿಸಿ ಬಂದ ಮೇಲೆ ಸೋರಿಕೆ ಕಂಡಿತೇ? ಕಡ್ಡಿಯಲ್ಲಿ ಆಯಿಲ್ ಮಟ್ಟ ಎಲ್ಲಿತ್ತು? ಇವಿಷ್ಟೂ ನಾಲ್ಕು ಸಾಲಿನಲ್ಲಿ ಮುಗಿಯುತ್ತವೆ. ತಪ್ಪು ಮಾಡಿದ್ದರೆ ಅದನ್ನೂ ಬರೆಯಬೇಕು. ಬೋಲ್ಟಿನ ಥ್ರೆಡ್ ಸವೆದಿದೆ, ಕ್ಲಿಪ್ ಮುರಿಯಿತು ಎಂಬ ನಮೂದುಗಳಿರುವ ಪುಸ್ತಕವನ್ನು ಓದಿದವರು ಉಳಿದದ್ದನ್ನೂ ನಂಬುತ್ತಾರೆ. ಮುಂದಿನ ಸಲ ಅದೇ ಬೋಲ್ಟಿಗೆ ಸ್ಪಾನರ್ ಹಾಕುವಾಗ ತನಗೂ ಜ್ಞಾಪಕವಿರುತ್ತದೆ.

ಟೈರುಗಳಿಗೆ ಒಂದು ಪುಟ ಮೀಸಲಿಡಬಹುದು. ಟೈರಿನ ಪಕ್ಕದಲ್ಲಿ ಅಚ್ಚಾದ ಕೊನೆಯ 4 ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 2319 ಎಂದಿದ್ದರೆ 2019ರ 23ನೇ ವಾರ. ಸ್ಟೆಪ್ನಿಯ ಅಂಕಿಯನ್ನೂ ನೋಡಿ ಬರೆದುಕೊಳ್ಳಿ. ಒಮ್ಮೆಯೂ ರಸ್ತೆ ಕಾಣದೆ ಡಿಕ್ಕಿಯಲ್ಲೇ ಮುದಿಯಾದ ಸ್ಟೆಪ್ನಿಗಳು ಬಹಳ.

ಬಿಲ್‌ಗಳ ವಿಷಯದಲ್ಲಿ ಒಂದು ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಿಡಿಭಾಗ ತರುವವರು ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕಕ್ಕೆ ತೃಪ್ತರಾಗದೆ ಪಕ್ಕಾ ಬಿಲ್ ಕೇಳಿ ಪಡೆಯಬೇಕು. ಥರ್ಮಲ್ ಕಾಗದದ ಬಿಲ್ಲನ್ನು ಅಂದೇ ಜೆರಾಕ್ಸ್ ಮಾಡಿಸಿ ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಬಿಡಿಭಾಗ ಬಂದ ರಟ್ಟಿನ ಡಬ್ಬದ ಪಾರ್ಟ್ ನಂಬರ್, ಬ್ಯಾಚ್ ಸಂಖ್ಯೆ ಇರುವ ಭಾಗವನ್ನು ಕತ್ತರಿಸಿ ಪುಟಕ್ಕೆ ಅಂಟಿಸಿದರೆ ನಕಲಿ ಮಾಲಿನ ಸಂಶಯ ಬಂದಾಗ ಉಪಯೋಗಕ್ಕೆ ಬರುತ್ತದೆ.

2013ರ ನಂತರದ ಕಾರುಗಳಲ್ಲಿ ಒಬಿಡಿ-2 ವ್ಯವಸ್ಥೆ ಇರುವುದರಿಂದ ಚಿಕ್ಕ ಸ್ಕ್ಯಾನರ್ ಇಟ್ಟುಕೊಂಡವರು ಹೆಚ್ಚುತ್ತಿದ್ದಾರೆ. ಎಂಜಿನ್ ದೀಪ ಹೊತ್ತಿದೊಡನೆ ಕೋಡ್ ಅಳಿಸಿಬಿಡುವುದು ಇವರಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಕೋಡ್ ದಾಖಲಾದ ಕ್ಷಣದ ಎಂಜಿನ್ ವೇಗ, ತಾಪ, ಭಾರ ಮುಂತಾದ ಅಂಕಿಗಳನ್ನು ಕಂಪ್ಯೂಟರ್ ಹಿಡಿದಿಟ್ಟಿರುತ್ತದೆ. ಕೋಡ್ ಜೊತೆಗೆ ಅದೂ ಅಳಿದುಹೋಗುತ್ತದೆ. ಪಿ0301 ಎಂದರೆ 1ನೇ ಸಿಲಿಂಡರಿನಲ್ಲಿ ಉರಿತ ತಪ್ಪುತ್ತಿದೆ ಎಂದರ್ಥ. ಅದು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಂತೋ, ಹೆದ್ದಾರಿಯಲ್ಲಿ ಏರು ಹತ್ತುವಾಗ ಬಂತೋ ಎಂಬುದರ ಮೇಲೆ ಚಿಕಿತ್ಸೆ ಬೇರೆ. ಅಳಿಸುವ ಮುನ್ನ ಬರೆದುಕೊಂಡರೆ ಮೆಕ್ಯಾನಿಕ್‌ಗೂ ಅರ್ಧ ಕೆಲಸ ಉಳಿಯುತ್ತದೆ.

ಮೈಲೇಜ್ ಲೆಕ್ಕ ಮತ್ತು ಇ20

ಪೆಟ್ರೋಲ್ ಲೆಕ್ಕ ಬರೆಯುವುದನ್ನು ಹಲವರು ಜಿಪುಣತನ ಎಂದು ಹಾಸ್ಯ ಮಾಡುವುದುಂಟು. ಟ್ಯಾಂಕ್ ಪೂರ್ತಿ ತುಂಬಿಸಿ ಓಡೋಮೀಟರ್ ಬರೆದುಕೊಂಡು, ಮುಂದಿನ ಸಲ ಮತ್ತೆ ಪೂರ್ತಿ ತುಂಬಿಸಿದಾಗ ಓಡಿದ ಕಿ.ಮೀ.ಯನ್ನು ಹಾಕಿದ ಲೀಟರಿನಿಂದ ಭಾಗಿಸಬೇಕು. 412 ಕಿ.ಮೀ.ಗೆ 24.3 ಲೀಟರ್ ಹಿಡಿದರೆ ಲೀಟರಿಗೆ ಸುಮಾರು 17 ಕಿ.ಮೀ. ಒಂದು ಸಲದ ಅಂಕಿಗೆ ಅಷ್ಟೇನೂ ಅರ್ಥವಿಲ್ಲ. ವರ್ಷದ ಅಂಕಿಗಳು ಸಾಲಾಗಿ ನಿಂತಾಗ ಕಾರಿನ ನಾಡಿಮಿಡಿತ ಸಿಗುತ್ತದೆ.

ಇ20 ಪೆಟ್ರೋಲ್ ಬಂದ ಮೇಲೆ ಈ ಸಾಲುಗಳಿಗೆ ಹೊಸ ಮಹತ್ವ ಬಂದಿದೆ. ಶೇ 20ರಷ್ಟು ಎಥೆನಾಲ್ ಬೆರೆತ ಈ ಇಂಧನದ ಮಾರಾಟ 2023ರಲ್ಲಿ ಆರಂಭವಾಗಿ 2025ರ ಹೊತ್ತಿಗೆ ದೇಶದಾದ್ಯಂತ ವ್ಯಾಪಿಸಿತು. ಎಥೆನಾಲ್‌ರಹಿತ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20ರಿಂದ ಇಂಧನ ಕ್ಷಮತೆ ಶೇ 6ರಿಂದ 7ರಷ್ಟು, ಇ10ಕ್ಕೆ ವಿನ್ಯಾಸಗೊಂಡು ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2ರಷ್ಟು ಇಳಿಯಬಹುದು ಎಂಬ ಅಂದಾಜು ನೀತಿ ಆಯೋಗದ 2021ರ ವರದಿಯಲ್ಲಿದೆ. ಲೀಟರಿಗೆ 17 ಕಿ.ಮೀ. ಕೊಡುತ್ತಿದ್ದ ಹಳೆಯ ಕಾರಿಗೆ ಶೇ 6–7 ಎಂದರೆ ಒಂದು ಕಿ.ಮೀ.ಗಿಂತ ತುಸು ಹೆಚ್ಚು. ಲೀಟರಿಗೆ ಮೂರು ಕಿ.ಮೀ. ಇಳಿದಿದ್ದರೆ ಎಥೆನಾಲ್ ಒಂದನ್ನೇ ದೂರುವಂತಿಲ್ಲ. ಹಿಡಿದುಕೊಂಡ ಬ್ರೇಕ್, ಧೂಳು ತುಂಬಿದ ಏರ್ ಫಿಲ್ಟರ್, ಗಾಳಿಯಿಲ್ಲದ ಟೈರುಗಳನ್ನೂ ವಿಚಾರಿಸಬೇಕು. 2022ರ ಲೆಕ್ಕ ಬರೆದಿಟ್ಟವನು ಇದನ್ನು ಹೇಳಬಲ್ಲ. ಉಳಿದವರ ವಾದ ಚಹಾ ಅಂಗಡಿಯ ಮಟ್ಟದಲ್ಲೇ ಉಳಿಯುತ್ತದೆ.

ಸರ್ವೀಸ್ ಸೆಂಟರಿಗೆ ಹೋಗದವರು ಮರೆಯುವ ಸಂಗತಿ

ತಾನೇ ಎಲ್ಲ ಮಾಡಿಕೊಳ್ಳುವವನಿಗೆ ಒಂದು ಅಪಾಯವಿದೆ. ಸುರಕ್ಷತಾ ದೋಷಕ್ಕಾಗಿ ಕಂಪನಿ ಕಾರುಗಳನ್ನು ಹಿಂದಕ್ಕೆ ಕರೆದಾಗ ಆ ಸುದ್ದಿ ಸಾಮಾನ್ಯವಾಗಿ ತಲುಪುವುದು ಸರ್ವೀಸ್ ಸೆಂಟರಿನ ಮೂಲಕ. ಕಾರು ಕೈ ಬದಲಾಗಿದ್ದರೆ ಪತ್ರ, ಕರೆಗಳು ಹಿಂದಿನ ಮಾಲೀಕನಿಗೆ ಹೋಗುತ್ತವೆ. ಜಗತ್ತಿನಾದ್ಯಂತ ಕೋಟ್ಯಂತರ ಕಾರುಗಳನ್ನು ಬಾಧಿಸಿದ ಟಕಾಟಾ ಏರ್‌ಬ್ಯಾಗ್ ದೋಷದ ಪ್ರಕರಣದಲ್ಲಿ ಭಾರತದಲ್ಲೂ ಸರದಿಯಂತೆ ಏರ್‌ಬ್ಯಾಗ್‌ಗಳನ್ನು ಉಚಿತವಾಗಿ ಬದಲಿಸಲಾಯಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110-ಎ ಕಲಮು ದೋಷಪೂರಿತ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ. ಮೊದಲ ಪುಟದಲ್ಲಿ ಬರೆದ ಚಾಸಿ ಸಂಖ್ಯೆಯನ್ನು ಆರು ತಿಂಗಳಿಗೊಮ್ಮೆ ಕಂಪನಿಯ ತಾಣದಲ್ಲಿ ಹಾಕಿ ನೋಡಿ, ನೋಡಿದ ದಿನಾಂಕವನ್ನೂ ಬರೆದಿಡಬಹುದು. ಏರ್‌ಬ್ಯಾಗ್, ಎ.ಸಿ. ಗ್ಯಾಸ್, ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳು ಮನೆಯಂಗಳದ ಕೆಲಸವಲ್ಲ. ಬರಿಯ ಜಾಕಿಯನ್ನು ನಂಬಿ ಕಾರಿನಡಿ ಮಲಗುವುದಂತೂ ಕೂಡದೇ ಕೂಡದು, ಸ್ಟ್ಯಾಂಡ್ ಬೇಕೇ ಬೇಕು.

ವಿಮೆಯ ಕಡೆಯಿಂದಲೂ ಪುಸ್ತಕಕ್ಕೆ ಕೆಲಸವಿದೆ. ವಾಹನವನ್ನು ಸುಸ್ಥಿತಿಯಲ್ಲಿಡಲು ಮಾಲೀಕ ಸೂಕ್ತ ಕ್ರಮಗಳನ್ನೆಲ್ಲ ಕೈಗೊಳ್ಳಬೇಕು ಎಂಬ ಷರತ್ತು ಮೋಟಾರು ವಿಮಾ ಪಾಲಿಸಿಗಳಲ್ಲಿರುತ್ತದೆ. ಬ್ರೇಕ್ ಪ್ಯಾಡ್ ಬದಲಿಸಿದ ದಿನಾಂಕ, ಬಿಲ್, ಚಿತ್ರ ಇದ್ದವರಿಗೆ ಸರ್ವೇಯರ್ ಮುಂದೆ ಉತ್ತರಿಸುವುದು ಸುಲಭ. ಕಾರಿನ ಮೂಲ ಸ್ವರೂಪವನ್ನೇ ಮಾರ್ಪಡಿಸಿದವರ ಪಾಡು ಬೇರೆ. ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡುಗಳನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ 6 ತಿಂಗಳವರೆಗೆ ಸಜೆ ವಿಧಿಸಲು ಅವಕಾಶವಿದೆ. ಅಂತಹವರು ಪುಸ್ತಕ ಬರೆದರೆ ತಮ್ಮ ಮೇಲೆ ತಾವೇ ಸಾಕ್ಷಿ ನುಡಿದಂತೆ.

ತೆಗೆದ ಹಳೆಯ ಆಯಿಲ್ ಎಲ್ಲಿಗೆ ಹೋಯಿತು ಎಂಬುದಕ್ಕೂ ಒಂದು ಸಾಲು ಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು ಹೆಸರಘಟ್ಟದತ್ತ ಸಾಗುವ ನದಿ. ರಸ್ತೆ ಬದಿಯ ಚರಂಡಿಗೆ ಸುರಿದ ಆಯಿಲ್ ಕಡೆಗೆ ಸೇರುವುದು ಇದೇ ಜಾಡನ್ನು. ಹಳೆಯ ಡಬ್ಬಕ್ಕೇ ತುಂಬಿಸಿ, ಬಳಸಿದ ಆಯಿಲನ್ನು ನೋಂದಾಯಿತ ಮರುಬಳಕೆದಾರರಿಗೆ ಕಳುಹಿಸುವ ಸರ್ವೀಸ್ ಸೆಂಟರಿಗೆ ಕೊಡಬಹುದು. ಹಳೆಯ ಬ್ಯಾಟರಿಯನ್ನಂತೂ ಹೊಸದು ಕೊಂಡ ಅಂಗಡಿಯವರೇ ಬೆಲೆ ಕಟ್ಟಿ ಹಿಂಪಡೆಯುತ್ತಾರೆ.

15 ವರ್ಷ ಮತ್ತು ಮಾರಾಟ

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದದ್ದು 2008ರ ಮೇ ತಿಂಗಳಲ್ಲಿ. ಆಚೀಚಿನ ವರ್ಷಗಳಲ್ಲಿ ಕೆಎ-43, ಕೆಎ-52 ಫಲಕ ಹೊತ್ತು ರಸ್ತೆಗಿಳಿದ ಕಾರುಗಳಿಗೆ ಈಗ 15 ದಾಟಿದೆ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಆರ್‌ಟಿಒ ತಪಾಸಣೆಗೆ ಒಳಪಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂ.ನಿಂದ 5,000 ರೂ.ಗೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂ. ನಿಗದಿಯಾಯಿತು. ಇಷ್ಟು ತೆತ್ತು ಕಾರನ್ನು ಉಳಿಸಿಕೊಳ್ಳಬೇಕೇ, ಗುಜರಿಗೆ ಹಾಕಬೇಕೇ ಎಂದು ತೀರ್ಮಾನಿಸಲು ಹಿಂದಿನ ಮೂರು ವರ್ಷಗಳ ಖರ್ಚಿನ ಪುಟಗಳಿಗಿಂತ ಒಳ್ಳೆಯ ಸಲಹೆಗಾರರಿಲ್ಲ.

ಮಾರುವುದೇ ಆದರೆ ಕೊಳ್ಳುವವರ ಮೊದಲ ಅನುಮಾನ ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆಯೇ ಎಂಬುದು. ದಿನಾಂಕವೂ ಓಡೋಮೀಟರ್ ಅಂಕಿಯೂ ಒಂದರ ಹಿಂದೊಂದು ಏರುತ್ತಾ ಬಂದ ಪುಸ್ತಕ, ಅದಕ್ಕೆ ತಾಳೆಯಾಗುವ ಬಿಲ್‌ಗಳು, ಸಾಲದಿದ್ದರೆ ಸಾದಹಳ್ಳಿ, ನೆಲಮಂಗಲ, ಹೊಸಕೋಟೆ ಟೋಲ್‌ಗಳಲ್ಲಿ ಹಾದ ಫಾಸ್ಟ್ಯಾಗ್ ವಿವರ ಇವಿಷ್ಟನ್ನು ಮುಂದಿಟ್ಟರೆ ಚೌಕಾಸಿಯ ಧಾಟಿ ಬದಲಾಗುತ್ತದೆ. ಪುಸ್ತಕದ ಜೆರಾಕ್ಸ್ ಪ್ರತಿ ಇಟ್ಟುಕೊಂಡು ಮೂಲವನ್ನು ಕಾರಿನೊಂದಿಗೇ ಕೊಡುವುದು ಕ್ರಮ. ಕೊನೆಯ ಪುಟದಲ್ಲಿ ಹಸ್ತಾಂತರದ ದಿನಾಂಕ, ಗಂಟೆ, ಓಡೋಮೀಟರ್ ಅಂಕಿ ಬರೆದು ಇಬ್ಬರೂ ಸಹಿ ಹಾಕಬೇಕು. ಆ ಪುಟದ ಪ್ರತಿ ನಿಮ್ಮ ಬಳಿ ಇರಲಿ. ನಮೂನೆ 29 ಮತ್ತು 30ನ್ನು ಭರ್ತಿ ಮಾಡಿ, ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸುವ ಹೊಣೆ ಮಾರಿದವರದು. ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಆ ಕಾರಿನಿಂದ ಏನೇ ಅನಾಹುತವಾದರೂ ನೋಟಿಸು ಬರುವುದು ಹಳೆಯ ವಿಳಾಸಕ್ಕೇ.